ಸಾಮಾಜಿಕ ಜಾಲತಾಣಗಳಲ್ಲಿ ಬೆದರಿಕೆ: ಶಿಕ್ಷೆ ಮತ್ತು ದೂರು ಸಲ್ಲಿಸುವ ವಿಧಾನ

ಹೆದರಿಸುವ ಉದ್ದೇಶದಿಂದ ವ್ಯಕ್ತಿಯ ದೇಹ, ಮಾನ ಅಥವಾ ಆಸ್ತಿಗೆ ಹಾನಿ ಮಾಡುವುದಾಗಿ ಬೆದರಿಸುವುದು, ದಿನಾಂಕ 01-07-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 351ರನ್ವಯ ಅಪರಾಧವಾಗಿರುತ್ತದೆ. ಸಾಮಾಜಿಕ ಜಾಲತಾಣದ ಸಂದೇಶಗಳಿಗೂ ಇದು ಅನ್ವಯಿಸುತ್ತದೆ.

ಶಿಕ್ಷೆಯ ವಿವರ

1. ಸಾಮಾನ್ಯ ಬೆದರಿಕೆ: 2 ವರ್ಷಗಳವರೆಗೆ ಕಾರಾವಾಸ ಅಥವಾ ಜುಲ್ಮಾನೆ ಅಥವಾ ಎರಡೂ.
2. ಕೊಲೆ, ತೀವ್ರ ಗಾಯ ಅಥವಾ ಬೆಂಕಿಯಿಂದ ಆಸ್ತಿ ನಾಶದ ಬೆದರಿಕೆ: 7 ವರ್ಷಗಳವರೆಗೆ ಕಾರಾವಾಸ ಅಥವಾ ಜುಲ್ಮಾನೆ ಅಥವಾ ಎರಡೂ.
3. ಹೆಸರು ಮರೆಮಾಚಿ ಬೆದರಿಸಿದಲ್ಲಿ: ಇದಲ್ಲದೆ ಹೆಚ್ಚುವರಿಯಾಗಿ 2 ವರ್ಷಗಳವರೆಗೆ ಕಾರಾವಾಸ. ನಕಲಿ ಖಾತೆಯು ರಕ್ಷಣೆಯಾಗದು.

ದೂರು ಸಲ್ಲಿಸುವ ವಿಧಾನ

1. ಬಂದ ಸಂದೇಶವನ್ನು ಅಳಿಸಬಾರದು. ಖಾತೆಯ ವಿಳಾಸ, ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳತಕ್ಕದ್ದು.
2. ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದು.
3. ಬೆದರಿಕೆ ಮಾತ್ರ ಇರುವ ದೂರು ಸಾಮಾನ್ಯವಾಗಿ ಅಸಂಜ್ಞೇಯ ಸ್ವರೂಪದ್ದಾಗಿದ್ದು, ಪೊಲೀಸರು ಮಾಹಿತಿಯನ್ನು ದಾಖಲಿಸಿ ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶದ ನಂತರ ತನಿಖೆ ಆರಂಭವಾಗುತ್ತದೆ.
4. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಎ ಅನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ರದ್ದುಪಡಿಸಿರುವುದರಿಂದ, ದೂರಿನಲ್ಲಿ ಅದನ್ನು ಉಲ್ಲೇಖಿಸಬಾರದು.

ಜೀವಕ್ಕೆ ತಕ್ಷಣದ ಅಪಾಯವಿದ್ದಲ್ಲಿ ಲಿಖಿತ ದೂರಿಗಾಗಿ ಕಾಯದೆ 112ಕ್ಕೆ ಕರೆ ಮಾಡತಕ್ಕದ್ದು.