ಕೊರಳಿನ ಕಣ್ಣಿ

ಕಾಸರಗೋಡಿನ ನಮಗೆ ‘ಹಟ್ಟಿ’ ಎಂದರೆ ದನದ ಕೊಟ್ಟಿಗೆ; ‘ಕಣ್ಣಿ’ ಎಂದರೆ ಕರುವನ್ನು ಕಟ್ಟುವ ಹಗ್ಗ. ನೀಲಗಿರಿಯ ಕೀಳ್ ಕೋತಗಿರಿಗೆ ಹೋದಾಗ ಈ ಎರಡೂ ಮಾತುಗಳು ಬೇರೆ ಅರ್ಥದಲ್ಲಿ ನನಗೆ ಎದುರಾದವು. ಅಲ್ಲಿಯ ಬಡಗರಿಗೆ ಹಟ್ಟಿ ಎಂದರೆ ಊರು. ಕಣ್ಣಿ ಎಂದರೆ ಗಂಡನು ಹೆಂಡತಿಯ ಕೊರಳಿಗೆ ಹಾಕುವ ದಾರ.

ಬಡಗರು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು. ಬಡಗಣದಿಂದ ಬಂದುದರಿಂದ ಆ ಹೆಸರು. ಮಾತು ಕನ್ನಡಕ್ಕೆ ತೀರ ಹತ್ತಿರ. ಅವರ ಹಳೆಯ ಪದ್ಧತಿಯಲ್ಲಿ ಹೆಣ್ಣು ಗಂಡನ ಮನೆ ಸೇರಿದ ಮಾತ್ರಕ್ಕೆ ಮದುವೆ ಪೂರ್ಣವಾಗುತ್ತಿರಲಿಲ್ಲ. ಚೊಚ್ಚಲ ಬಸಿರು ತುಂಬುತ್ತ ಬಂದಾಗ ಕಣ್ಣಿಯ ಶಾಸ್ತ್ರ ನಡೆಯಬೇಕು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಸಂಪುಟಗಳಲ್ಲಿ ಅದರ ವಿವರವಿದೆ: ನೆಂಟರ ಎದುರಿನಲ್ಲಿ ಗಂಡನು ಮಾವನ ಅಪ್ಪಣೆ ಕೇಳಿ ದಾರ ಹಾಕುತ್ತಾನೆ. ಅದಕ್ಕೆ ಮೊದಲು ಇಬ್ಬರಲ್ಲಿ ಯಾರು ಬಿಟ್ಟುಹೋದರೂ ದೊಡ್ಡ ಅಪಕೀರ್ತಿಯಿಲ್ಲ.

ನೆರೆಯ ತೋಡರ ಕ್ರಮ ಇನ್ನೂ ವಿಶಿಷ್ಟ. ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿಯಿರುತ್ತಿದ್ದ ಕಾಲದಲ್ಲಿ, ಬಸುರಿಗೆ ಪುಟ್ಟ ಬಿಲ್ಲುಬಾಣ ಕೊಟ್ಟವನೇ ಮಗುವಿನ ತಂದೆ. ರಿವರ್ಸ್ ಎಂಬ ವಿದ್ವಾಂಸರು 1906ರ ತಮ್ಮ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ರಕ್ತ ಯಾರದೆಂಬುದು ಅಲ್ಲಿ ಮುಖ್ಯವಲ್ಲ. ಒಪ್ಪಿಕೊಂಡವನು ಯಾರೆಂಬುದೇ ಮುಖ್ಯ.

ನಮ್ಮ ಕರಾವಳಿಯ ಅಳಿಯಸಂತಾನ, ಮರುಮಕ್ಕತ್ತಾಯಗಳಲ್ಲೂ ಗಂಡಸಿನ ಯಜಮಾನಿಕೆ ನಡೆದದ್ದು ಹೆತ್ತ ಮಕ್ಕಳ ಮೇಲಲ್ಲ, ಸೋದರಿಯ ಮಕ್ಕಳ ಮೇಲೆ. ಕೇರಳದಲ್ಲಿ 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕಾಯಿದೆ ಆ ಅವಿಭಕ್ತ ಕುಟುಂಬದ ಕಟ್ಟನ್ನು ಬಿಡಿಸಿತು. ಹಾಗಾದರೆ ಗಂಡಸ್ತನವೆಂಬುದು ಮೈಯೊಳಗಿನ ಬಲವಲ್ಲ. ಆಯಾ ಸಮಾಜ ಹೊರಿಸಿದ, ನಾಲ್ವರ ಮುಂದೆ ಹೊತ್ತ ಹೊಣೆ.

ಇದನ್ನೆಲ್ಲ ಹೊಗಳಿ ಮುಗಿಸಬಹುದಿತ್ತು. ಆದರೆ ಹಟ್ಟಿಯ ಹಿರಿಯರೊಬ್ಬರು, “ಮಕ್ಕಳೆಷ್ಟು?” ಎಂದು ಕೇಳಿದರು. ಇಲ್ಲವೆಂದೆ. ಅವರು ಸುಮ್ಮನಾದರು. ಬಸಿರಾಗದಿದ್ದರೆ ಕಣ್ಣಿಯೂ ಇಲ್ಲ ಎಂಬ ಮಾತು ಆಗ ನನಗೆ ತಟ್ಟಿತು. ಆ ಪದ್ಧತಿಯೂ ಗಂಡುಹೆಣ್ಣನ್ನು ಕೂಸಿನಿಂದಲೇ ಅಳೆಯುತ್ತಿತ್ತು.

ನಮ್ಮ ಮನೆಯಲ್ಲಿ ಎಂಟು ವರ್ಷ ಹರಕೆ ಹೊತ್ತವಳು, ಕಷಾಯ ಕುಡಿದವಳು, ಸೀಮಂತಗಳಲ್ಲಿ ಹಿಂದೆ ನಿಂತವಳು ನನ್ನ ಹೆಂಡತಿ. ಆಮೇಲೆ ನಾನು ಪರೀಕ್ಷೆಗೆ ಹೋದೆ; ಕೊರತೆ ನನ್ನದೆಂದು ತಿಳಿಯಿತು. ನೆಂಟರಿಗೆ ನಾನದನ್ನು ಹೇಳಲಿಲ್ಲ, ಅವಳೂ ಹೇಳಲಿಲ್ಲ.

ನೆಂಟರ ಎದುರು ನಿಂತು ಹೊಣೆ ಒಪ್ಪಿಕೊಳ್ಳುವುದು ಕಣ್ಣಿಯ ತಿರುಳು. ನನ್ನಿಂದ ಅದು ಆಗಿರಲಿಲ್ಲ. ತಡವಾದರೂ ಇಲ್ಲಿ ಬರೆದಿದ್ದೇನೆ. ಈ ಸಂಚಿಕೆ ನಮ್ಮ ನೆಂಟರ ಮನೆಗಳಿಗೂ ಹೋಗುತ್ತದೆ.