ತೇಜಿ, ಮಂದಿ ಮತ್ತು ಪರಿಮಿತ ಪರಿಗ್ರಹ

ಸುಳ್ಯ ತಾಲ್ಲೂಕಿನ ಅಜ್ಜಾವರದಂತಹ ಅಡಿಕೆಯ ಊರುಗಳಲ್ಲಿ ಬೆಳೆಗಾರರು ಚಾಲಿಯನ್ನು ಒಣಗಿಸಿ, ಒಳ್ಳೆಯ ಧಾರಣೆ ಬರುವವರೆಗೆ ಮನೆಯಲ್ಲಿ ಇರಿಸಿಕೊಳ್ಳುವುದು ವಾಡಿಕೆ. ಮಾರುವ ಹಕ್ಕು ಅವರದು. ಇಂಥ ದಿನವೇ ಮಾರಬೇಕೆಂಬ ಕಟ್ಟುಪಾಡಿಲ್ಲ. ಷೇರುಪೇಟೆಯ ಆಪ್ಷನ್ ಕೂಡ ತತ್ತ್ವತಃ ಇಂತಹ ಹಕ್ಕೇ. ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು ‘ಕಾಲ್’, ಮಾರುವ ಹಕ್ಕು ‘ಪುಟ್’. ವ್ಯತ್ಯಾಸವೆಂದರೆ, ಅಲ್ಲಿ ಆ ಹಕ್ಕಿಗೆ ಪ್ರೀಮಿಯಂ ತೆರಬೇಕು. ಗಡುವು ಮುಗಿದೊಡನೆ ಹಕ್ಕೂ ಇಲ್ಲವಾಗುತ್ತದೆ. ಧಾರಣೆ ಏರದಿದ್ದರೂ ಬೆಳೆಗಾರನ ಬಳಿ ಅಡಿಕೆ ಉಳಿದಿರುತ್ತದೆ.

ಈ ವ್ಯವಹಾರವು ಭಾರತಕ್ಕೆ ಹೊಸತಲ್ಲ. ಪೇಟೆಯ ವರ್ತಕರು ಏರಿಕೆಯ ನಿರೀಕ್ಷೆಯ ಹಕ್ಕನ್ನು ‘ತೇಜಿ’ ಎಂದೂ ಇಳಿಕೆಯದನ್ನು ‘ಮಂದಿ’ ಎಂದೂ ಕರೆಯುತ್ತಿದ್ದರು. 1956ರ ಸೆಕ್ಯುರಿಟೀಸ್ ಒಪ್ಪಂದಗಳ ನಿಯಂತ್ರಣ ಕಾಯಿದೆಯು ಆಪ್ಷನ್ನನ್ನು ನಿರೂಪಿಸುವಾಗ ತೇಜಿ, ಮಂದಿ, ತೇಜಿಮಂದಿ, ಗಲ್ಲಿ ಎಂಬ ಈ ದೇಶೀ ಪದಗಳನ್ನೇ ಬಳಸಿತು. ಬಳಸಿ, ಷೇರುಗಳಲ್ಲಿ ಅವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1995ರಲ್ಲಿ. 2001ರ ಜೂನ್‌ನಲ್ಲಿ ಸೂಚ್ಯಂಕದ, ಜುಲೈಯಲ್ಲಿ ಬಿಡಿ ಷೇರುಗಳ ಆಪ್ಷನ್‌ಗಳು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಆರಂಭವಾದವು.

ಇಂದು ಈ ಪೇಟೆ ಹಳ್ಳಿಯ ಯುವಕನ ಮೊಬೈಲಿಗೂ ತಲುಪಿದೆ. ಕೊಂಡವನು ಕಳೆದುಕೊಳ್ಳುವುದು ಹೆಚ್ಚೆಂದರೆ ಪ್ರೀಮಿಯಂ ಮಾತ್ರ. ಕೈಯಲ್ಲಿ ಷೇರಿಲ್ಲದೆ ಕಾಲ್ ಮಾರಿದವನ ನಷ್ಟಕ್ಕೆ ಮಿತಿಯೇ ಇಲ್ಲ. ಸೆಬಿಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು.

ಕನ್ನಡದ ಜೈನ ಕವಿಗಳು ಗೌರವದಿಂದ ಸ್ಮರಿಸುವ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಈ ಸಂದರ್ಭದಲ್ಲಿ ಗಮನಾರ್ಹ. ಗೃಹಸ್ಥನ ಪರಿಮಿತ ಪರಿಗ್ರಹ ವ್ರತಕ್ಕೆ ಅದು ಹೇಳುವ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭಗಳು ಸೇರಿವೆ. ವ್ಯಾಖ್ಯಾನಕಾರ ಪ್ರಭಾಚಂದ್ರರು ಇವನ್ನು ವ್ಯಾಪಾರದ ಭಾಷೆಯಲ್ಲಿಯೇ ಬಿಡಿಸುತ್ತಾರೆ. ಮುಂದೆ ವಿಶೇಷ ಲಾಭ ಬಂದೀತೆಂದು ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಡುವುದು ಮೊದಲನೆಯದು. ತಾನು ಮಾರಿದ ಅಥವಾ ಕೊಳ್ಳದೆ ಬಿಟ್ಟ ಸರಕಿನಿಂದ ಹೆಚ್ಚು ಲಾಭ ದೊರೆಯುವುದನ್ನು ಕಂಡು ವಿಷಾದಪಡುವುದು ಎರಡನೆಯದು. ತಕ್ಕ ಲಾಭ ದೊರೆತರೂ ಇನ್ನಷ್ಟು ಬಯಸುವುದು ಮೂರನೆಯದು. ಆಪ್ಷನ್ ಕಲಿಯುವವನ ಮನಸ್ಸು ಹಾದುಹೋಗುವ ಹಂತಗಳೂ ಇವೇ.

ವ್ಯಾಪಾರವನ್ನು ಈ ಗ್ರಂಥ ನಿಷೇಧಿಸುವುದಿಲ್ಲ. ಮಿತಿಯನ್ನು ಮೊದಲೇ ಗೊತ್ತುಪಡಿಸಿಕೊಳ್ಳಲು ಹೇಳುತ್ತದೆ. ಇರುವ ಷೇರಿನ ಬೆಲೆ ಕುಸಿದೀತೆಂದು ಪುಟ್ ಕೊಳ್ಳುವುದು ರಕ್ಷಣೆ. ಏನೂ ಇಲ್ಲದೆ ಏರಿಳಿತದ ಮೇಲೆಯೇ ಹಣ ಹೂಡುವುದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ಸಮೀಪ. ಅಡಿಕೆ ಬೆಳೆಗಾರರು ಧಾರಣೆಯ ಕುಸಿತಕ್ಕೆ ಸಹಕಾರದಲ್ಲಿ ರಕ್ಷಣೆ ಕಂಡುಕೊಂಡರು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಅದರ ಫಲ. ಅವರ ಮಕ್ಕಳು ಈಗ ಒಬ್ಬೊಬ್ಬರಾಗಿ ಪೇಟೆಯನ್ನು ಎದುರಿಸುತ್ತಿದ್ದಾರೆ. ತಾನು ಕಾಯಬೇಕಾದ ಆಸ್ತಿ ಯಾವುದು, ಕಳೆದುಕೊಳ್ಳಬಹುದಾದ ಮೊತ್ತ ಎಷ್ಟು ಎಂಬುದನ್ನು ವಹಿವಾಟಿಗೆ ಮುನ್ನ ನಿರ್ಧರಿಸುವುದೇ ಅವರಿಗೆ ಮೊದಲ ಪಾಠವಾಗಬೇಕು.