ಕಾಣದ ಸುಳಿ, ಕಾಣಬಯಸುವ ಬೆಳಕು

ಮುಂಬಯಿಯಲ್ಲೋ ದೆಹಲಿಯಲ್ಲೋ ಊರಿಗೆ ಹೊರಟ ವಿಮಾನ ರನ್‌ವೇಯ ಅಂಚಿಗೆ ಬಂದು ಕೆಲವೊಮ್ಮೆ ಸುಮ್ಮನೆ ನಿಂತುಬಿಡುತ್ತದೆ. ಮುಂದಿದ್ದ ದೊಡ್ಡ ವಿಮಾನ ಆಗಲೇ ಮೇಲೇರಿ ಮರೆಯಾಗಿರುತ್ತದೆ, ರನ್‌ವೇ ಬರಿದಾಗಿರುತ್ತದೆ, ಆದರೂ ನಾವು ಹೊರಡುವುದಿಲ್ಲ. ಹೋದ ವಿಮಾನ ಗಾಳಿಯಲ್ಲಿ ಬಿಟ್ಟುಹೋದ ಸುಳಿ ಅಡಗಲಿ ಎಂದು ಕಾಯುವ ಎರಡು ನಿಮಿಷಗಳವು. ಆ ಸುಳಿಯನ್ನು ಕಾಣಲಾರದ ನಾವು ಗಡಿಯಾರವನ್ನು ನಂಬಿದ್ದೇವೆ.

ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಈ ಅಂತರವೇ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಆದರೆ ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ಹೊರಳಿ ಸುತ್ತತೊಡಗುತ್ತದೆ. ಹೀಗೆ ಹುಟ್ಟಿದ ಎರಡು ಸುಳಿಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತ, ಮೆಲ್ಲಗೆ ಕೆಳಗಿಳಿಯುತ್ತ, ವಿಮಾನದ ಹಿಂದೆ ಕಿಲೋಮೀಟರುಗಟ್ಟಲೆ ಚಾಚಿಕೊಳ್ಳುತ್ತವೆ. ವಿಮಾನ ಭಾರವಾದಷ್ಟೂ, ನಿಧಾನವಾದಷ್ಟೂ ಅವು ಬಲವಾಗುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1907ರಲ್ಲಿಯೇ ಇವನ್ನು ವಿವರಿಸಿದ್ದರು. ಮುಂದಿನ ದಶಕದಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಅದಕ್ಕೆ ಗಣಿತದ ರೂಪ ಕೊಟ್ಟರು.

ತಿಳಿವಳಿಕೆ ಮೊದಲೇ ಇದ್ದರೂ ಎಚ್ಚರ ತಡವಾಗಿ ಬಂತು. 1972ರ ಮೇ 30ರಂದು ಅಮೆರಿಕದ ಫೋರ್ಟ್ ವರ್ತ್ ಬಳಿ ತರಬೇತಿ ಹಾರಾಟದಲ್ಲಿದ್ದ ಡಿಸಿ-9 ವಿಮಾನವೊಂದು ದೊಡ್ಡ ಡಿಸಿ-10ರ ಹಿಂದೆಯೇ ಇಳಿಯುತ್ತಿತ್ತು. ನೆಲ ಸಮೀಪಿಸಿದಾಗ ಸುಳಿಗೆ ಸಿಕ್ಕಿ ಮಗುಚಿತು. ಒಳಗಿದ್ದ ನಾಲ್ವರೂ ಸತ್ತರು. ವಿಮಾನಗಳ ನಡುವಿನ ಅಂತರದ ನಿಯಮಗಳು ಅನಂತರ ಬಿಗಿಯಾದವು. 1993ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ಬೋಯಿಂಗ್ 757ರ ಹಿಂದೆ ಬರುತ್ತಿದ್ದ ಸಣ್ಣ ಜೆಟ್ ಬಿದ್ದು ಐವರು ಸತ್ತರು. ನಿಯಮಕ್ಕೆ ಮತ್ತೆ ತಿದ್ದುಪಡಿಯಾಯಿತು.

ಈ ನಿಯಮಗಳಿಗೆ ಕಣ್ಣಿಲ್ಲ. ಅಡ್ಡಗಾಳಿ ಸುಳಿಯನ್ನು ಎಂದೋ ಒಯ್ದಿದ್ದರೂ ಕಾಯಲೇಬೇಕು. ಕಣ್ಣು ಕೊಡುವ ಭರವಸೆ ಹುಟ್ಟಿಸಿದ್ದು 1960ರಲ್ಲಿ ಬಂದ ಲೇಸರ್. ಗಾಳಿಯಲ್ಲಿ ತೇಲುವ ಸೂಕ್ಷ್ಮ ಧೂಳಿಗೆ ತಾಗಿ ಮರಳುವ ಬೆಳಕಿನ ಕಂಪನಸಂಖ್ಯೆ, ಆ ಧೂಳು ನಮ್ಮತ್ತ ಬರುತ್ತಿದ್ದರೆ ತುಸು ಏರುತ್ತದೆ, ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಇದೇ ಡಾಪ್ಲರ್ ತತ್ವ. ಈ ಉಪಕರಣವೇ ಲೈಡಾರ್. 1970ರ ದಶಕದಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ನೆಲದ ಮೇಲಿಟ್ಟ ಲೇಸರ್ ಉಪಕರಣಗಳು ಸುಳಿಗಳನ್ನು ಅಳೆದವು. ಪಕ್ಕದಿಂದ ನೋಡುವ ಉಪಕರಣಕ್ಕೆ ಸುಳಿಯ ಒಂದು ಮಗ್ಗುಲು ಹತ್ತಿರ ಬರುವುದೂ ಇನ್ನೊಂದು ದೂರ ಸರಿಯುವುದೂ ಸ್ಪಷ್ಟವಾಗಿ ಕಾಣುತ್ತದೆ.

ಅದನ್ನೇ ವಿಮಾನದ ಮೂತಿಗೆ ಕಟ್ಟಿದರಾಯಿತಲ್ಲ ಎನಿಸಬಹುದು. ಅಲ್ಲಿಯೇ ತೊಡಕು. ತಿರುಗುವ ಬುಗುರಿಯನ್ನು ನೇರ ಮೇಲಿನಿಂದ ನೋಡಿ: ಅದೆಷ್ಟು ರಭಸದಿಂದ ಸುತ್ತಿದರೂ ಅದರ ಯಾವ ಭಾಗವೂ ನಮ್ಮತ್ತ ಬರುವುದಿಲ್ಲ. ಹಿಂದೆಯೇ ಹಾರುವ ವಿಮಾನಕ್ಕೆ ಮುಂದಿನ ಸುಳಿ ಹೀಗೆ ಕಾಣುತ್ತದೆ. ಅತ್ಯಂತ ಅಪಾಯದ ದಿಕ್ಕಿನಿಂದಲೇ ಲೈಡಾರ್ ಬಹುಮಟ್ಟಿಗೆ ಕುರುಡು. ಎತ್ತರದ ನಿರ್ಮಲ ಗಾಳಿಯಲ್ಲಿ ಬೆಳಕನ್ನು ಮರಳಿಸುವ ಧೂಳೂ ವಿರಳ.

ಆದರೂ ಪ್ರಯತ್ನ ನಿಲ್ಲಲಿಲ್ಲ. ನಾಸಾ 1970ರ ದಶಕದಲ್ಲಿ ಕಾನ್ವೇರ್ 990ರಲ್ಲಿಯೂ 1998ರಲ್ಲಿ ಎಲೆಕ್ಟ್ರಾ ವಿಮಾನದಲ್ಲಿಯೂ ಲೈಡಾರ್ ಹಾರಿಸಿತು. ಅಲ್ಲಿ ಹುಡುಕಿದ್ದು ನಿರಭ್ರ ಆಕಾಶದ ಕ್ಷೋಭೆಯನ್ನು. ರೆಕ್ಕೆಯ ಸುಳಿಯನ್ನೇ ಗುರಿಯಾಗಿಸಿಕೊಂಡು ಯುರೋಪು ಎಂಫ್ಲೇಮ್, ಐ-ವೇಕ್ ಯೋಜನೆಗಳನ್ನು ನಡೆಸಿತು. ಧೂಳಿನ ಹಂಗಿಲ್ಲದೆ ಗಾಳಿಯ ಅಣುಗಳಿಂದಲೇ ಬೆಳಕು ಪಡೆಯುವ ಅತಿನೇರಳೆ ಲೇಸರ್‌ಗಳೂ ಬಂದವು. 2018ರಲ್ಲಿ ಜಪಾನಿನ ಜಾಕ್ಸಾ ಸಂಸ್ಥೆಯ ಲೈಡಾರ್ ಬೋಯಿಂಗ್ 777ರಲ್ಲಿ ಪರೀಕ್ಷೆಗೊಳಗಾಯಿತು. ಅದರ ಗುರಿಯೂ ಹಲವು ಕಿಲೋಮೀಟರ್ ಮುಂದಿನ ಕ್ಷೋಭೆಯೇ.

ಕಂಡ ಮೇಲೆ ಮಾಡುವುದೇನು ಎಂಬ ಪ್ರಶ್ನೆಯೂ ಉಳಿಯುತ್ತದೆ. ಇಳಿಯುವ ಜೆಟ್ ಸೆಕೆಂಡಿಗೆ ಸುಮಾರು 70 ಮೀಟರ್ ಸಾಗುತ್ತದೆ. ಒಂದು ಕಿಲೋಮೀಟರ್ ಮುಂಚಿನ ಎಚ್ಚರಿಕೆಯೆಂದರೆ ಹದಿನಾಲ್ಕು ಸೆಕೆಂಡು. 2001ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಿದ್ದ ಎ300 ವಿಮಾನವನ್ನು ಮುರಿದದ್ದು ಮುಂದಿನ 747ರ ಸುಳಿಯಲ್ಲ, ಅದಕ್ಕೆ ಪ್ರತಿಯಾಗಿ ಸಹಪೈಲಟ್ ಚುಕ್ಕಾಣಿಯನ್ನು ಅತಿಯಾಗಿ ಅತ್ತಿತ್ತ ತುಳಿದದ್ದು ಎಂದು ತನಿಖೆ ಹೇಳಿತು. 265 ಜನ ಸತ್ತರು. ಎಚ್ಚರಿಕೆಯೊಂದಿಗೆ ವಿವೇಕವನ್ನೂ ಕೊಡಬಲ್ಲ ಯಂತ್ರ ಬೇಕು.

ಹಾಗೆಂದು ಗಡಿಯಾರವೇ ಸಾಕೆನ್ನುವಂತಿಲ್ಲ. 2017ರ ಜನವರಿ 7ರಂದು ಮಾಲೆಯಿಂದ ಬರ್ಲಿನ್ನಿಗೆ ಹೊರಟಿದ್ದ ಚಾಲೆಂಜರ್ ಎಂಬ ಸಣ್ಣ ಜೆಟ್ಟಿನ ಮೇಲೆ, ಅರಬ್ಬೀ ಸಮುದ್ರದ ಆಕಾಶದಲ್ಲಿ, ಎ380 ಎದುರಿನಿಂದ ಹಾದುಹೋಯಿತು. ನಡುವೆ ನಿಯಮದಂತೆ 1,000 ಅಡಿ ಅಂತರವಿತ್ತು. ಸ್ವಲ್ಪ ಹೊತ್ತಿನಲ್ಲೇ ಚಾಲೆಂಜರ್ ಉರುಳಿ ಸುಮಾರು 9,000 ಅಡಿ ಕುಸಿಯಿತು. ಪೈಲಟ್‌ಗಳು ಹೇಗೋ ಸಾವರಿಸಿ ಮಸ್ಕತ್ತಿನಲ್ಲಿ ಇಳಿಸಿದರು; ಪ್ರಯಾಣಿಕರು ಗಾಯಗೊಂಡರೂ ಬದುಕಿಕೊಂಡರು. ಆ ವಿಮಾನ ಮತ್ತೆ ಹಾರಲಿಲ್ಲ. ನಿಯಮವನ್ನು ಯಾರೂ ಮುರಿದಿರಲಿಲ್ಲ. ಕಣ್ಣೊಂದು ಇರಲಿಲ್ಲ, ಅಷ್ಟೆ.

ಆ ಕಣ್ಣು ಬರುವತನಕ ರನ್‌ವೇಯಂಚಿನ ಕಾಯುವಿಕೆ ತಪ್ಪದು. ಊರು ತಲುಪಲು ಎರಡು ನಿಮಿಷ ತಡವಾದರೆ ಗೊಣಗುವ ನಾವು, ಆ ಎರಡು ನಿಮಿಷಗಳನ್ನು ನಮಗೆ ಗಳಿಸಿಕೊಟ್ಟವರು ಊರು ತಲುಪಲೇ ಇಲ್ಲ ಎಂಬುದನ್ನು ಒಮ್ಮೆ ನೆನೆಯಬಹುದು.